ಮಡಿಕೆಯೊಳಗಿನ ಸಂಜೆ

ನಮ್ಮ ಬೀದಿಯ ದರ್ಜಿ ತೀರಿಕೊಂಡು ಇಂದಿಗೆ ಒಂದು ತಿಂಗಳು. ಅವನ ವಿಷಯವಾಗಿ ನಾಲ್ಕು ಒಳ್ಳೆಯ ಮಾತು ಬರೆಯಿರೆಂದು ಅವನ ಹೆಂಡತಿ ಬೋಧಕನಾದ ನನ್ನನ್ನು ಕೇಳಿಕೊಂಡಿದ್ದಾಳೆ. ಪ್ರಿಯರೇ, ಅವನಿಗೆ ಸಲ್ಲತಕ್ಕದ್ದು ನಿಜವಾದ ಮಾತು. ಅದು ಕಹಿಯಾಗಿದ್ದರೆ ಕ್ಷಮಿಸಿ.

ಚಿತ್ರಗಾರನಾಗಬೇಕೆಂದಿದ್ದವನನ್ನು ತಂದೆ ಎಳವೆಯಲ್ಲೇ ಹೊಲಿಗೆ ಯಂತ್ರದ ಮುಂದೆ ಕೂರಿಸಿದ್ದರು. ಐವತ್ತಾರನೆಯ ವಯಸ್ಸಿನಲ್ಲಿ ಆ ಆಸೆ ಮತ್ತೆ ತಲೆಯೆತ್ತಿತು. ಸಂಜೆ ತರಗತಿಗೆ ಸೇರಿಸಿಕೊಳ್ಳಲು ಚಿತ್ರಕಲಾ ಶಾಲೆಯ ಮೇಷ್ಟ್ರು ಒಂದೇ ಷರತ್ತು ಹಾಕಿದರು: ಹಿಂದಿನ ಹೆಸರಾಂತ ಕಲಾವಿದರ ಚಿತ್ರವೊಂದನ್ನು ತೈಲವರ್ಣದಲ್ಲಿ ಚಾಚೂ ತಪ್ಪದೆ ನಕಲು ಮಾಡಿ ತರಬೇಕು.

ಅಂಥದೊಂದರ ಅಚ್ಚುಪ್ರತಿ ಅವನ ಅಂಗಡಿಯಲ್ಲೇ, ಕಿಟಕಿಯ ಎದುರಿನ ಗೋಡೆಯಲ್ಲಿ, ಇಪ್ಪತ್ತು ವರ್ಷದಿಂದ ತೂಗುತ್ತಿತ್ತು: ಅಗಲವಾದ ನದಿ, ದಡದಲ್ಲಿ ಮುರಿದ ಗೋಪುರ, ಒಂಟಿ ದೋಣಿ. ಚೌಕಟ್ಟಿಗೆ ಅಡ್ಡಲಾಗಿ ನೂಲು ಕಟ್ಟಿ ಚೌಕಗಳನ್ನು ಮಾಡಿ, ಟೇಪು ಹಿಡಿದು ಅಳೆದು, ಒಂದೊಂದು ಪದರ ಒಣಗಲು ವಾರಗಟ್ಟಲೆ ಕಾದು, ಎರಡು ವರ್ಷ ಬರೆದ.

“ಏನ್ರೀ ಇದು, ನದಿ ಚಳಿ ಹಿಡಿದವರ ತುಟಿ ಹಾಗಿದೆ!” ಎಂದಳು ಹೆಂಡತಿ.

“ಅಲ್ಲಿ ಹೇಗಿದೆಯೋ ಹಾಗೇ ಬರೀಬೇಕು ಕಣೇ.”

“ಹಳದಿ, ಕೆಂಪು ಟ್ಯೂಬು ಮುಚ್ಚಳಾನೇ ತೆಗೆದಿಲ್ಲ. ಅವಕ್ಕೇನು ಗಂಡು ಹುಡುಕ್ತಿದ್ದೀರಾ?”

ನಾನೂ ಒಮ್ಮೆ ಆ ನೀಲಿಯ ಮುಂದೆ ಕುಳಿತು, “ದೇವರ ಶಾಂತಿ ಅಂದ್ರೆ ಇದೇ ನೋಡಪ್ಪ” ಎಂದಿದ್ದೆ. ಅವನ ಮುಖ ಅರಳಿತ್ತು.

ಮುಗಿದ ಚಿತ್ರವನ್ನು ಮೇಷ್ಟ್ರು ತರಗತಿಯಲ್ಲೇ ಬೆಳಕಿಗೆ ಹಿಡಿದರು. “ಕೈ ಬಹಳ ಚೆನ್ನಾಗಿದೆ ಯಜಮಾನ್ರೇ. ಆದ್ರೆ ಎಲ್ಲಾ ಯಾಕೆ ನೀಲಿ?”

“ಚಿತ್ರ ಇರೋದೇ ಹಾಗೆ ಸಾರ್.”

ಅವರು ದಪ್ಪ ಪುಸ್ತಕವೊಂದನ್ನು ತೆರೆದು ಮುಂದಿಟ್ಟರು. ಅದೇ ನದಿ, ಅದೇ ಗೋಪುರ. ಆದರೆ ಆಕಾಶ ಕುಲುಮೆಯಂತೆ ಉರಿಯುತ್ತಿತ್ತು. ನೀರು ಕರಗಿದ ಚಿನ್ನ. ಅದು ಸೂರ್ಯಾಸ್ತದ ಚಿತ್ರ.

“ನಿಮ್ಮದು ಬಿಸಿಲಿಗೆ ಬಿಳಿಚಿಕೊಂಡ ಪ್ರತಿ. ಹಳದಿ, ಕೆಂಪು ಹಾರಿಹೋಗಿ ನೀಲಿ ಉಳಿದಿದೆ. ದೋಣಿಯವನ ಮುಖಾನೂ ನೀಲಿ ಬರೆದಿದ್ದೀರಲ್ಲ, ಎರಡು ವರ್ಷದಲ್ಲಿ ಒಂದು ಸಲಾನೂ ಅನುಮಾನ ಬರಲಿಲ್ವಾ? ಕೈಗಾದ್ರೆ ಕಲಿಸಬಹುದು. ಕಣ್ಣಿಗೆ ನನ್ನಿಂದಾಗಲ್ಲ.”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ತರಗತಿಯ ಬಾಗಿಲು ಅಲ್ಲಿಗೆ ಮುಚ್ಚಿತು.

ಅಂಗಡಿಗೆ ಮರಳಿದವನು ಚೌಕಟ್ಟನ್ನು ಇಳಿಸಿ, ಹೊಲಿಗೆ ಬಿಚ್ಚುವ ಬ್ಲೇಡಿನಿಂದಲೇ ಹಿಂಬದಿಯ ಕಾಗದವನ್ನು ಕತ್ತರಿಸಿ ಅಚ್ಚುಪ್ರತಿಯನ್ನು ಹೊರತೆಗೆದ. ಮರದ ಅಂಚು ಮುಚ್ಚಿದ್ದ ನಾಲ್ಕೂ ಬದಿಗಳಲ್ಲಿ, ಒಂದು ಬೆರಳಗಲ, ಹೊಂಬಣ್ಣದ ಸಂಜೆ ಹಾಗೆಯೇ ಉಳಿದಿತ್ತು.

ಹೆಂಡತಿ ಬಾಗಿ ನೋಡಿದಳು. “ಮಾಸಿದ ಕೋಟು ಬಂದ್ರೆ ಮಡಿಕೆ ಬಿಚ್ಚಿ, ಒಳಗಿನ ಅಸಲು ಬಣ್ಣ ನೋಡಿ ನೂಲು ಆರಿಸೋರು ನೀವು. ಊರೋರ ಬಟ್ಟೆಗೆಲ್ಲ ಮಾಡಿದ್ದನ್ನ ನಿಮಗೊಂದು ಸಲ ಮಾಡ್ಕೊಳ್ಳೋಕಾಗ್ಲಿಲ್ವೇನ್ರೀ?”

ಅವನು ಆಮೇಲೆ ಆರು ವರ್ಷ ಬದುಕಿದ, ಕುಂಚ ಮುಟ್ಟಲಿಲ್ಲ.

ಅವನನ್ನು ಸಮಾಧಾನಪಡಿಸಲೆಂದು, ಅವನು ಬರೆದ ಆ ನೀಲಿ ಚಿತ್ರವನ್ನು ನಮ್ಮ ಪ್ರಾರ್ಥನಾ ಮಂದಿರಕ್ಕೆ ಕೊಡೆಂದು ಕೇಳಿದ್ದೆ.

“ಬೇಡ ಬೋಧಕರೇ,” ಎಂದ, ಸೂಜಿಗೆ ನೂಲು ಪೋಣಿಸುತ್ತ. “ನಿಮ್ಮ ಮಾತು ಕೇಳಿ ಬಂದೋರೆಲ್ಲ ಇದನ್ನೇ ಶಾಂತಿ ಅಂದ್ಕೊಂಡುಬಿಡ್ತಾರೆ.”

ಹೆಂಡತಿ ತಂದುಕೊಟ್ಟ ಅವನ ಬಣ್ಣದ ಪೆಟ್ಟಿಗೆ ಈಗ ನನ್ನ ಮೇಜಿನ ಮೇಲಿದೆ. ಹಳದಿ, ಕೆಂಪು ಟ್ಯೂಬುಗಳು ತುಂಬಿದಂತೆಯೇ ಇವೆ. ಕರುಣಾಳುವಾದ ದೇವರು ಅವನಿಗೆ ಆ ಸಂಜೆಯನ್ನು ಈಗಲಾದರೂ ತೋರಿಸಲಿ ಎಂದು ಬೇಡುತ್ತೇನೆ. ತೋರಿಸಿಯೇ ಇದ್ದಾನೆಂದು ಆ ಹೆಣ್ಣುಮಗಳ ಮುಂದೆ ನಿಂತು ಹೇಳುವ ಧೈರ್ಯ ನನಗಿಲ್ಲ.