ಬ್ಯಾಡಗಿಯ ಚಿಗವ್ವನಿಗೆ ಹೇಳಲು ಹೋದದ್ದು

ಹಾವೇರಿಯಿಂದ ಬೆಳಿಗ್ಗೆ ಏಳೂವರೆಯ ಬಸ್ಸು ಹಿಡಿದೆ. ರಾಣೆಬೆನ್ನೂರಿಗೆ ಹದಿನೆಂಟು ರೂಪಾಯಿ, ಮುಕ್ಕಾಲು ಗಂಟೆಯ ದಾರಿ. ೨೦೦೬ರ ಫೆಬ್ರುವರಿ, ಆಗಲೇ ಬಿಸಿಲು ಚುರುಗುಟ್ಟುತ್ತಿತ್ತು. ಕೈಚೀಲದಲ್ಲಿ ಸ್ಕಾಟ್ಲೆಂಡಿನ ಚಿತ್ರಕಲಾ ಕಾಲೇಜಿನಿಂದ ಬಂದ ಪತ್ರವಿತ್ತು. ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವುದನ್ನು ಅಲ್ಲಿ ಕಲಿಸುತ್ತಾರಂತೆ, ವಿದ್ಯಾರ್ಥಿವೇತನವನ್ನೂ ಕೊಡುತ್ತಾರಂತೆ. ಈ ಸುದ್ದಿಯನ್ನು ಬ್ಯಾಡಗಿಯ ಚಿಗವ್ವನಿಗೆ ಹೇಳಬೇಕಿತ್ತು. ಚಿಗವ್ವ ಎಂದರೆ ಅವ್ವನ ತಂಗಿ. ಅವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು. ಬರೀ ಕಾಲೇಜಿನ ಸುದ್ದಿಯಾಗಿದ್ದರೆ ಫೋನು ಸಾಕಿತ್ತು. ಯಾವ ಗಂಡಸನ್ನೂ ನಾನು ಮದುವೆಯಾಗುವುದಿಲ್ಲ, ನನ್ನ ಬಾಳು ರೇಣುಕಾಳ ಜೊತೆ ಎಂಬುದನ್ನೂ ಹೇಳುವುದಿತ್ತು.

ರೇಣುಕಾ ರಾಣೆಬೆನ್ನೂರಿನಲ್ಲಿ ಹೊಲಿಗೆ ಕ್ಲಾಸು ನಡೆಸುತ್ತಿದ್ದಳು. ಬಸ್ ನಿಲ್ದಾಣಕ್ಕೆ ನನಗಿಂತ ಮೊದಲೇ ಬಂದು ನಿಂತಿದ್ದಳು, ಕೊರಳಲ್ಲಿದ್ದ ಅಳತೆ ಟೇಪು ತೆಗೆದಿಡುವುದನ್ನು ಎಂದಿನಂತೆ ಮರೆತು. ನೋಡಿ ನಗು ತಡೆಯಲಾಗಲಿಲ್ಲ. ಅವಳೆಂದರೆ ನನಗೆ ಜೀವ. ಮಿರ್ಚಿ ಭಜಿ ತಿಂದು ಚಹಾ ಕುಡಿದು ಬ್ಯಾಡಗಿ ಬಸ್ಸು ಹತ್ತಿದೆವು. ಮೊದಲ ವರ್ಷ ನಾನು ಹೋಗುವುದು, ಮರುವರ್ಷ ಅವಳು ನಾಟಕದ ಉಡುಪು ಹೊಲಿಯುವ ಕೋರ್ಸಿಗೆ ಬರುವುದು ಎಂದು ದಾರಿಯುದ್ದಕ್ಕೂ ಅದೇ ಮಾತು. ಅಲ್ಲಿ ಇಬ್ಬರು ಹೆಂಗಸರು ಕಾನೂನಿನ ಪ್ರಕಾರವೇ ಸಂಸಾರ ಹೂಡಬಹುದೆಂದು ಇಂಟರ್‌ನೆಟ್ ಅಂಗಡಿಯಲ್ಲಿ ಕೂತು ಓದಿಕೊಂಡಿದ್ದೆ.

"ಕಾನೂನು ಇರ್ಲಿ. ಚಿಗವ್ವ ಏನಂತಾಳ?" ಎಂದಳು ರೇಣುಕಾ.

"ಆಕಿ ಒಪ್ಪದಿದ್ರೂ ನಾ ಹೋಗೂದು ಖರೇ. ಆದ್ರ ತವರುಮನಿ ಇಲ್ದಾಂಗ ಹೋಗಬೇಕಾಗತೈತಿ," ಎಂದೆ.

ಬ್ಯಾಡಗಿಯಲ್ಲಿ ಇಳಿದೊಡನೆ ನನಗೆ ಸೀನು ಶುರುವಾಯಿತು. ಮೆಣಸಿನಕಾಯಿ ಸುಗ್ಗಿಯಲ್ಲಿ ಆ ಊರಿನವರು ಸೀನುವುದಿಲ್ಲ. ಸೀನಿದವರು ಪರವೂರಿನವರೆಂದೇ ಲೆಕ್ಕ. ಅಷ್ಟು ವರ್ಷ ಅಲ್ಲಿ ಬೆಳೆದೂ ನನ್ನ ಮೂಗಿಗೆ ಬುದ್ಧಿ ಬಂದಿರಲಿಲ್ಲ. ಚಿಗವ್ವನ ಗಂಡ, ನಮ್ಮ ಕಾಕಾ, ಮಾರುಕಟ್ಟೆಗೆ ಹೋಗಿದ್ದ. ಚಿಗವ್ವ ಪಡಸಾಲೆಯಲ್ಲಿ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಕಾಲೇಜಿನ ಸುದ್ದಿ ಹೇಳಿದೆ. ಕೈ ತೊಳೆದುಕೊಂಡು ಬಂದು ನಾನು ಕೊಟ್ಟ ಪತ್ರವನ್ನು ಕಣ್ಣಿಗೊತ್ತಿಕೊಂಡಳು. ಅವಳಿಗೆ ಓದಲು ಬರುತ್ತಿರಲಿಲ್ಲ.

"ಕೊಳ್ಳಾಗ ತಾಳಿ ಬಿದ್ದ ಮ್ಯಾಲೆ ಹೋಗವಾ. ಮೋಟೆಬೆನ್ನೂರಾಗ ಒಂದ ಹುಡುಗನ್ನ ನೋಡೇನಿ."

"ನಾ ಮದುವಿ ಆಗೂದಿಲ್ಲ ಚಿಗವ್ವ."

"ಯಾರನ್ನರ ನೋಡ್ಕೊಂಡಿ ಏನ? ಯಾವ ಜಾತಿಯಾಂವ? ಹೇಳು, ನಾ ಬಡಿಯಂಗಿಲ್ಲ."

ಬಸ್ಸಿನಲ್ಲಿ ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು. ರೇಣುಕಾಳ ಕೈ ಹಿಡಿದುಕೊಂಡೆ.

"ಅಂವ ಅಲ್ಲ ಚಿಗವ್ವ, ಈಕಿ. ಗಂಡ ಹೆಂಡತಿ ಬಾಳೇವು ಮಾಡ್ತಾರಲ್ಲ, ನಾವಿಬ್ಬರೂ ಹಂಗ ಇರಬೇಕು ಅನ್ಕೊಂಡೇವಿ."

ಚಿಗವ್ವ ಎದ್ದು ಒಳಗೆ ಹೋದಳು. ರೊಟ್ಟಿ ಬಡಿಯುವ ಸದ್ದು ಕೇಳಿಸಿತು, ಎಂದಿಗಿಂತ ತುಸು ಜೋರಾಗಿಯೇ. ಊಟಕ್ಕೆ ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣಗಾಯಿ, ಗಟ್ಟಿ ಮೊಸರು. ನಮ್ಮ ಮುಖ ನೋಡದೆಯೇ ಬಡಿಸಿದಳು. ಅಷ್ಟು ರುಚಿಯಾದ ಊಟವನ್ನು ಅಷ್ಟು ಕಷ್ಟಪಟ್ಟು ನಾನೆಂದೂ ನುಂಗಿಲ್ಲ. ಈ ಮನೆಯ ಅನ್ನದ ಋಣ ಇಲ್ಲಿಗೆ ತೀರಿತೇನೋ ಎಂದು ಹೆದರಿದ್ದೆ.

ನಾಲ್ಕಕ್ಕೆ ಹೊರಟು ನಿಂತೆವು. ಚಿಗವ್ವ ಮೊರದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಬೇರು, ಕುಬಸದ ಖಣ ಇಟ್ಟುಕೊಂಡು ಬಂದಳು. ಮದುವೆಯಾಗಿ ಗಂಡನ ಮನೆಗೆ ಹೊರಟ ಮಗಳ ಸೆರಗಿಗೆ ಹೀಗೆ ಉಡಿ ತುಂಬಿ ಕಳಿಸುವುದು ನಮ್ಮ ಕಡೆಯ ಪದ್ಧತಿ.

"ವೇಲ್ ಹಿಡಿ," ಎಂದಳು. "ನೀ ಹೇಳಿದ್ದು ನನಗ ತಿಳಿಯಂಗಿಲ್ಲ. ಓಣ್ಯಾಗ ಯಾರ ಮುಂದೂ ನಾ ಹೇಳಂಗೂ ಇಲ್ಲ. ಆದ್ರ ನನ್ನ ಮಗಳನ್ನ ಬರೇ ಉಡೀಲೆ ಕಳಸಾಕ ನನ್ನ ಕೈಲೆ ಆಗೂದಿಲ್ಲ."

ನನ್ನ ಉಡಿ ತುಂಬಿ ರೇಣುಕಾಳ ಕಡೆ ತಿರುಗಿದಳು. "ನೀನೂ ಹಿಡಿಯವಾ."

ರೇಣುಕಾ ವೇಲು ಚಾಚಿದಳು. ಇಬ್ಬರೂ ಅಳುತ್ತಿದ್ದೆವು. "ಮೆಣಸಿನಕಾಯಿ ಘಾಟು ಬಾಳ ಐತಿ," ಎಂದು ಚಿಗವ್ವ ತನ್ನ ಕಣ್ಣೊರೆಸಿಕೊಂಡಳು. ಬ್ಯಾಡಗಿಯಲ್ಲಿ ಹುಟ್ಟಿ ಬೆಳೆದವಳು!

ರೇಣುಕಾಳ ಪಾಸ್‌ಪೋರ್ಟ್ ಅರ್ಜಿಯ ಕೆಲಸ ಮರುದಿನ ಹಾವೇರಿಯಲ್ಲಿದ್ದುದರಿಂದ ಇಬ್ಬರೂ ಹಾವೇರಿಯ ಬಸ್ಸನ್ನೇ ಹತ್ತಿದೆವು. ಚಿಗವ್ವ ಕಳಿಸಲು ನಿಲ್ದಾಣದವರೆಗೆ ಬಂದಿದ್ದಳು. ಕಂಡಕ್ಟರ್ ಸೀಟಿ ಊದಿದ ಮೇಲೆ ಕಿಟಕಿಯ ಹತ್ತಿರ ಬಂದು ಸರಳು ಹಿಡಿದುಕೊಂಡಳು.

"ಉಡಿ ಅಕ್ಕಿ ಬ್ಯಾರೆ ಬ್ಯಾರೆ ಬೇಯಸಬ್ಯಾಡ್ರಿ," ಎಂದಳು. "ಒಂದ ಬೋಗಾಣ್ಯಾಗ ಹಾಕಿ ಹುಗ್ಗಿ ಮಾಡ್ಕೊಂಡು, ಇಬ್ಬರೂ ಕೂಡಿ ಉಣ್ರಿ."