ನೀರಿನಿಂದ ಎತ್ತಿದವರ ಮೇಲೆ ಬರೆದ ದೂರು

ಮೊಯಿನ್ ಭಾಯಿ, ನೀರಿನಲ್ಲಿ ಮುಳುಗುತ್ತಿದ್ದ ನನ್ನನ್ನು ಎತ್ತಿದವರು ನೀವು. ಅರ್ಧ ತಾಸು ಕಳೆಯುವುದರೊಳಗೆ ನಿಮ್ಮ ಮೇಲೆ ದೂರು ಬರೆದುಕೊಟ್ಟವನು ನಾನು. ಅದರಲ್ಲಿ ಬರೆದದ್ದು ಒಂದೂ ನಿಜವಲ್ಲ.

ಏಳು ವರ್ಷವಾಯಿತು. ಯಾಕೆ ಹಾಗೆ ಮಾಡಿದೆ ಎಂದು ಕೇಳಿದರೆ — ನನಗೇ ಸರಿಯಾಗಿ ತಿಳಿಯುವುದಿಲ್ಲ. ಹೆದರಿಕೆಯಿಂದಲೋ, ನಾಚಿಕೆಯಿಂದಲೋ, ಅಥವಾ ಆ ಹೊತ್ತಿಗೆ ನಾನು ಹೇಳಿದ್ದನ್ನು ನಾನೇ ನಂಬಿಬಿಟ್ಟೆನೋ... ಆದದ್ದನ್ನು ಆದ ಹಾಗೆ ಹೇಳುತ್ತೇನೆ.

ನಾನು ಭಾಲ್ಕಿಯ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರ. ಹೆಂಡತಿಯ ತವರು ಔರಾದ. ಅವಳ ಅಣ್ಣ ಶಿವರಾಜ ತನ್ನ ಮಗಳ ನಿಶ್ಚಿತಾರ್ಥವನ್ನು ಬೀದರಿನ ಆ ಹೊಸ ಹೋಟೆಲಿನಲ್ಲಿ ಇಟ್ಟುಕೊಂಡಿದ್ದ. ಎರಡು ದಿನ ಎಲ್ಲರೂ ಅಲ್ಲೇ ಇಳಿದಿದ್ದೆವು. ಹಿಂದುಗಡೆ ಬ್ಯಾಡ್ಮಿಂಟನ್ ಅಂಗಳ, ಗಾಜಿನ ಗೋಡೆಯ ಜಿಮ್, ಅದರಾಚೆ ಈಜುಕೊಳ. ನಮ್ಮ ಕಡೆಯ ಹಿರಿಯರು ಕಾರ್ಯಕ್ರಮ ಮುಗಿದ ಮೇಲೂ ಒಳಗೆ ಕೂರಲಿಲ್ಲ. ಧೋತರದ ಚುಂಗು ಹಿಡಿದುಕೊಂಡು ಕೊಳದ ಸುತ್ತ ತಿರುಗಿ ತಿರುಗಿ ನೋಡಿದರು.

ಊಟವಾದ ಮೇಲೆ ಬ್ಯಾಡ್ಮಿಂಟನ್ನಿನಲ್ಲಿ ಬೀಗರ ಕಡೆಯ ಇಬ್ಬರು ಹುಡುಗರನ್ನು ಸೋಲಿಸಿದೆ. ನನ್ನ ಮಗಳು ದೀಪಾಗೆ ಆಗ ಹತ್ತು ವರ್ಷ. ಅಂಕ ಎಣಿಸುತ್ತ ಕೂತಿದ್ದವಳು ಎದ್ದು ಕುಣಿದಳು. "ನಮ್ಮ ಪಪ್ಪಾಗ ಎಲ್ಲಾ ಆಟಾ ಬರ್ತಾವ!" ಎಂದಳು. ಬೀಗರಲ್ಲಿ ಒಬ್ಬರು ನಗುತ್ತ, "ಹಂಗಾದ್ರ ಈಸೂದು ತೋರಿಸ್ರಿ ಮಾಸ್ತರ್" ಎಂದರು.

ನನಗೆ ಈಜು ಬರುವುದಿಲ್ಲ ಭಾಯಿ. ನಮ್ಮೂರು ಮೆಹಕರದಲ್ಲಿ ಹೊಲದ ಬಾವಿಗೆ ಸಣ್ಣವನಿದ್ದಾಗ ಸೊಂಟಕ್ಕೆ ಹಗ್ಗ ಕಟ್ಟಿ ಇಳಿಸಿದ್ದರು. ಮೆಟ್ಟಿಲು ಬಿಟ್ಟು ಕದಲಲಿಲ್ಲ. ಆದರೆ ಪಿ.ಟಿ. ಮಾಸ್ತರನಾದ ಮೇಲೆ ಬಾವಿಯಲ್ಲಿ ಈಸಿ ಬೆಳೆದವನು ಎಂದೇ ಎಲ್ಲರ ಮುಂದೆ ಹೇಳಿಕೊಂಡು ಬಂದಿದ್ದೆ. ಹೆಂಡತಿಯ ಮುಂದೆ ಕೂಡ.

ಹೋಟೆಲಿನವರು ಕೊಟ್ಟ ಚಡ್ಡಿ, ತಲೆಗೆ ರಬ್ಬರಿನ ಟೋಪಿ ಹಾಕಿಕೊಂಡು ಕೊಳದ ದಂಡೆಗೆ ಬಂದೆ. ಟವೆಲ್ ಹಿಡಿದು ಜೊತೆಗೆ ಬಂದವಳು ದೀಪಾ ಒಬ್ಬಳೇ; ಬೀಗರು ಇನ್ನೂ ಬ್ಯಾಡ್ಮಿಂಟನ್ ಅಂಗಳದ ಕಡೆಯೇ ಇದ್ದರು. ಕೊಳ ಕಾಯುವ ಕೆಲಸದಲ್ಲಿದ್ದ ನೀವು ನನ್ನ ಕಾಲುಗಳನ್ನು ನೋಡಿದಿರಿ. ನೀರಿನ ಅಂಚಿನಿಂದ ಒಂದು ಹೆಜ್ಜೆ ಹಿಂದೆಯೇ ನಿಂತಿದ್ದವು. ಹತ್ತಿರ ಬಂದು, ಬೇರೆ ಯಾರಿಗೂ ಕೇಳದಷ್ಟು ಸಣ್ಣ ದನಿಯಲ್ಲಿ ಹೇಳಿದಿರಿ: "ಈ ಕಡಿ ಭಾಳ ಆಳ ಅದರಿ ಸಾಬ್. ಈಸ್ಲಾಕ ಬರ್ತದಲಾ? ಇಲ್ಲಂದ್ರ ಆ ಕಡಿ ಇಳೀರಿ, ಯಾರೇನೂ ಅನ್ನಂಗಿಲ್ಲ."

ಅಷ್ಟು ಮರ್ಯಾದೆಯಿಂದ ದಾರಿ ತೋರಿಸಿದ್ದಿರಿ. ನಾನು, "ನನಗ ಹೇಳ್ಲಾಕ ಬರಬ್ಯಾಡ್ರಿ" ಎಂದು ಆಳದ ಕಡೆಗೇ ಹಾರಿದೆ.

ಆಮೇಲಿನದು ತುಂಡು ತುಂಡಾಗಿ ಮಾತ್ರ ನೆನಪಿದೆ. ಮೇಲೆ ಯಾವುದು, ಕೆಳಗೆ ಯಾವುದು ತಿಳಿಯಲಿಲ್ಲ. ಮೂಗಿನಲ್ಲಿ ಉರಿ. ಹಿಂದಿನಿಂದ ಒಂದು ತೋಳು ಎದೆಗೆ ಸುತ್ತಿಕೊಂಡಿತು. ಅದನ್ನು ಬಿಡಿಸಿಕೊಳ್ಳಲು ಮೊಣಕೈಯಿಂದ ಗುದ್ದಿದೆ. ಉಳಿಸುವ ತೋಳೆಂದು ಆಗ ಗೊತ್ತಾಗಲಿಲ್ಲ — ಇದೊಂದು ಮಾತು ನಿಜ. ದಂಡೆಯ ಮೇಲೆ ಬಿದ್ದು ಕೆಮ್ಮುತ್ತ ಕಣ್ಣು ಬಿಟ್ಟಾಗ ಸುತ್ತಲೂ ಬೀಗರ ಕಾಲುಗಳು. ನಿಮ್ಮ ತುಟಿ ಒಡೆದು ರಕ್ತ ಬರುತ್ತಿತ್ತು.

"ಏನಾತ್ರಿ ಮಾಸ್ತರ್?" ಎಂದು ಶಿವರಾಜ ಓಡಿ ಬಂದ.

ಆ ಗಳಿಗೆಯಲ್ಲಿ ದೀಪಾ ಕಾಣಿಸಿದಳು. ಟವೆಲ್ ಎದೆಗೆ ಒತ್ತಿಕೊಂಡು, ಬಾಯಿ ತೆರೆದು ನಿಂತಿದ್ದಳು. ಬಾಯಿಗೆ ಮಾತು ತಾನಾಗಿ ಬಂತು: "ನಾ ಮುಳುಗ್ತಿದ್ದಿಲ್ಲ. ಇವ್ರೇ ಬಂದು ಕುತ್ತಿಗಿ ಹಿಡದು ನೀರಾಗ ಅದುಮಿದ್ರು."

ಶಿವರಾಜನಿಗೆ ಸಿಟ್ಟು ನೆತ್ತಿಗೇರಿತು. ಬೀಗರ ಮುಂದೆ ತನ್ನ ಮನೆಯ ಅಳಿಯನಿಗೆ ಹೀಗಾಗುವುದೆಂದರೆ! ಮ್ಯಾನೇಜರನನ್ನು ಕರೆಸಿದ. ಮ್ಯಾನೇಜರ ನಿಮ್ಮ ಒಡೆದ ತುಟಿ ನೋಡಿ ಹೊಡೆದಾಟವೇ ಆಗಿದೆ ಎಂದುಕೊಂಡ. ನೀವು, "ಸಾಬ್ ಮುಳುಗ್ತಿದ್ರು, ತಗದೀನಿ" ಎಂದಷ್ಟೇ ಹೇಳಿದಿರಿ. ಮ್ಯಾನೇಜರ ಯಾರನ್ನು ನಂಬಬೇಕೆಂದು ತಿಳಿಯದೆ ದೀಪಾಳ ಕಡೆ ಬಾಗಿದ. "ನೀ ಇಲ್ಲೇ ಇದ್ದಿ ಅಲ್ಲಮ್ಮಾ? ಏನ್ ನೋಡಿದಿ?"

ಅವಳು ನಿಮ್ಮನ್ನು ನೋಡಿದಳು. ನನ್ನನ್ನು ನೋಡಿದಳು.

"ಅಂಕಲ್ ಪಪ್ಪಾನ್ನ ಅದುಮಿದ್ರು" ಎಂದಳು.

ಆಗಲೂ ನಾನು ಬಾಯಿ ಬಿಡಬಹುದಿತ್ತು. ಬದಲಿಗೆ, ಅತಿಥಿಗಳು ಅನಿಸಿಕೆ ಬರೆಯುವ ಕಾಗದವನ್ನು ಮ್ಯಾನೇಜರ ಮುಂದಿಟ್ಟಾಗ, ಪುಟದ ತುಂಬ ಬರೆದೆ. ಸಹಿ ಮಾಡಿದೆ. ನೀವು ಮ್ಯಾನೇಜರನ ಕೋಣೆಯ ಬಾಗಿಲ ಹತ್ತಿರ ಒದ್ದೆ ಬಟ್ಟೆಯಲ್ಲೇ ನಿಂತಿದ್ದಿರಿ. "ಈಗ ಉಸುರು ಬರೋಬ್ಬರಿ ಬರ್ಲಾಕತ್ತದೇನ್ರಿ ಸಾಬ್?" ಎಂದು ಕೇಳಿದಿರಿ. ನಾನು ಕಾಗದವನ್ನು ಮ್ಯಾನೇಜರನ ಕಡೆ ತಳ್ಳಿದೆ.

ಮರುದಿನ ಕೊಳದ ಬಳಿ ಬೇರೆಯವರಿದ್ದರು. ನಿಮ್ಮನ್ನು ಕೆಲಸದಿಂದ ತೆಗೆದರೆಂದು ಶಿವರಾಜ ದೊಡ್ಡದೊಂದು ಉಪಕಾರ ಮಾಡಿದವನ ಹಾಗೆ ಹೇಳಿದ. ನಾನು ತಲೆಯಾಡಿಸಿದೆ.

ಭಾಲ್ಕಿಗೆ ಮರಳುವಾಗ ಬಸ್ಸಿನಲ್ಲಿ ದೀಪಾ ಕೇಳಿದಳು, "ಪಪ್ಪಾ, ಅವರು ಖರೇ ಅದುಮಿದ್ರೇನು?" ಹೌದು ಎಂದೆ. "ನನಗ ಬ್ಯಾರೇನೇ ಕಂಡಂಗಾತು" ಎಂದು ಕಿಟಕಿಯ ಕಡೆ ತಿರುಗಿದಳು. ಕಂಡದ್ದನ್ನು ಕಂಡಿಲ್ಲವೆಂದು ನನ್ನ ಮಗಳಿಗೆ ನಾನೇ ಕಲಿಸಿದೆ. ಎಷ್ಟೋ ದಿನ ನನಗೂ ಗೊಂದಲವಾಗುತ್ತಿತ್ತು — ನಿಜವಾಗಿ ಮುಳುಗುತ್ತಿದ್ದೆನೇ? ಇನ್ನೊಂದು ಗಳಿಗೆ ಬಿಟ್ಟಿದ್ದರೆ ನಾನೇ ಮೇಲೆ ಬರುತ್ತಿದ್ದೆನೇನೋ? ಇಲ್ಲ. ಬರುತ್ತಿರಲಿಲ್ಲ.

ಹೋದ ತಿಂಗಳು ಬೀದರಿನ ಗಾಂಧಿ ಗಂಜಿನ ಮಾರುಕಟ್ಟೆಯಲ್ಲಿ ನಿಮ್ಮನ್ನು ಕಂಡೆ. ಬೇಳೆಯ ಅಂಗಡಿಯೊಂದರಲ್ಲಿ ಚೀಲದ ಬಾಯಿ ಹೊಲಿಯುತ್ತಿದ್ದಿರಿ. ಗಡ್ಡ ನರೆತಿದೆ. ಎದುರಿಗೆ ಹೋಗಿ ನಿಂತೆ. ಹೇಳಲೇಬೇಕೆಂದು ನಿಂತೆ. ನೀವು ತಲೆ ಎತ್ತಿ, "ಏನ್ ಬೇಕಾಗಿತ್ರಿ ಸಾಬ್?" ಎಂದಿರಿ. ಗುರುತು ಸಿಗಲಿಲ್ಲವೋ, ಸಿಕ್ಕೂ ಹಾಗೆ ಕೇಳಿದಿರೋ — ಎಷ್ಟು ಯೋಚಿಸಿದರೂ ಬಗೆಹರಿಯುತ್ತಿಲ್ಲ. "ಎರಡು ಕಿಲೋ ತೊಗರಿಬ್ಯಾಳಿ" ಎಂದೆ. ತೆಗೆದುಕೊಂಡು ಬಂದುಬಿಟ್ಟೆ.

ಆ ಸಂಜೆ ಹೆಂಡತಿಗೂ ದೀಪಾಗೂ ಎಲ್ಲ ಹೇಳಿದೆ. ಹೆಂಡತಿ ಎದ್ದು ಒಳಗೆ ಹೋದಳು. ದೀಪಾ ಕಾಲೇಜಿಗೆ ಹೋಗುವ ಹುಡುಗಿ ಈಗ. ನನ್ನ ಮೇಲೆ ಕೂಗಾಡಬಹುದು ಎಂದುಕೊಂಡಿದ್ದೆ. ಅವಳು ಅತ್ತಳು. "ಅವ್ರ ಕೆಲಸ ಹೋಗಿದ್ದು ನಿನ್ನ ಕಾಗದದಿಂದಲ್ಲ ಪಪ್ಪಾ. ನನ್ನ ಮಾತಿನಿಂದ" ಎಂದಳು. ಅಲ್ಲ ಎಂದು ಎಷ್ಟು ಹೇಳಿದರೂ ಕೇಳುತ್ತಿಲ್ಲ. ನನ್ನ ಮಾತನ್ನು ಇನ್ನು ಅವಳು ಯಾಕೆ ನಂಬಬೇಕು?

ಮೊನ್ನೆ ಆ ಹೋಟೆಲಿಗೆ ಹೋದೆ. ಹಳೆಯ ಮ್ಯಾನೇಜರ ಇಲ್ಲ. ಅಷ್ಟು ಹಿಂದಿನ ಕಾಗದಗಳನ್ನು ಇಟ್ಟಿಲ್ಲವಂತೆ. ಅದೇ ಬಗೆಯ ಹೊಸ ಕಾಗದ ಕೇಳಿ ಪಡೆದು, ನಡೆದದ್ದನ್ನು ಬರೆದು, ಹೆಸರು ಹಾಕಿ ಕೊಟ್ಟೆ. ಕೌಂಟರಿನ ಹುಡುಗಿ ಓದಿ, ಇದನ್ನು ಏನು ಮಾಡಬೇಕೆಂದು ತಿಳಿಯದೆ ನನ್ನ ಮುಖ ನೋಡಿದಳು. ನನಗೂ ತಿಳಿದಿರಲಿಲ್ಲ.

ಬರುವ ರವಿವಾರ ನಿಮ್ಮ ಅಂಗಡಿಗೆ ಬರುತ್ತೇನೆ. ದೀಪಾ ತಾನೂ ಬರುತ್ತೇನೆಂದು ಹಟ ಹಿಡಿದಿದ್ದಾಳೆ. ನೀವು ಕನ್ನಡ ಓದುತ್ತೀರೋ ಇಲ್ಲವೋ ನನಗೆ ಗೊತ್ತಿಲ್ಲ. ಹಾಗಾಗಿ ಈ ಪತ್ರವನ್ನು ನಿಮ್ಮ ಕೈಯಲ್ಲಿ ಇಟ್ಟು ಓಡಿಬರುವುದಿಲ್ಲ. ನಿಮ್ಮ ಜೊತೆ ಕೆಲಸ ಮಾಡುವವರೆಲ್ಲ ಕೇಳುವ ಹಾಗೆ, ಬಾಯಿಬಿಟ್ಟು ಹೇಳುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ. ನೀವು ಏನು ಅಂದರೂ, ಏನೂ ಅನ್ನದಿದ್ದರೂ, ನನ್ನ ಮಗಳ ಮುಂದೆ ನಿಂತು ಕೇಳಿಸಿಕೊಳ್ಳುತ್ತೇನೆ.