ಅನಂತಪುರವೋ, ಬಳ್ಳಾರಿಯೋ

ಲಾ ಓದುತ್ತೇನೆ ಎಂದಾಗ ಮನೆಯಲ್ಲಿ ಯಾರೂ ಬೇಡ ಅನ್ನಲಿಲ್ಲ. ಅಂದಿದ್ದರೆ ಜಗಳವಾಡಿ ಗೆದ್ದುಕೊಳ್ಳುತ್ತಿದ್ದೆ, ಜಗಳ ನನಗೆ ಚೆನ್ನಾಗಿಯೇ ಬರುತ್ತದೆ. ಅಪ್ಪ ಓದು ಅಂದ, ಸೋದರಮಾವ ಓದು ಅಂದ, ಅವ್ವ ಮಾತ್ರ ರೇಷ್ಮೆ ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತ ಕೂತಳು. ಎಲ್ಲಿ ಓದಬೇಕು ಅನ್ನುವಲ್ಲಿಗೆ ಬಂದು ನನ್ನ ತಲೆ ಕೆಟ್ಟು ಕೆರ ಹಿಡಿಯಿತು.

ನಮ್ಮೂರು ಮಡಕಶಿರದಿಂದ ಹೇಮಾವತಿಗೆ ಹೋಗುವ ದಾರಿಯಲ್ಲಿದೆ. ಮನೆಯಲ್ಲಿ ಮಾತು ಕನ್ನಡ, ರೇಷನ್ ಕಾರ್ಡು ತೆಲುಗು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿದೆ, ಇಂಟರ್‌ಗೆ ಹೋದಾಗ ಒಮ್ಮೆಲೇ ಇಂಗ್ಲಿಷು ತಲೆ ಮೇಲೆ ಬಿತ್ತು, ಡಿಗ್ರಿ ಹೇಗೋ ದಾಟಿದೆ. ಅದಾದ ಮೇಲೆ ಒಂದು ವರ್ಷ ಎಂಟ್ರೆನ್ಸು ಸರಿಯಾಗಿ ಬರೆಯದೆ ಮನೆಯಲ್ಲಿ ಕೂತಿದ್ದೆ. ಆ ವರ್ಷದಲ್ಲೇ ಇಲ್ಲೇ ಹತ್ತಿರದ ರತ್ನಗಿರಿ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗ ಕೆಟ್ಟವನೇನಲ್ಲ, ನಾನು ನೋಡಲೂ ಇಲ್ಲ. ಈ ವರ್ಷವೂ ಸೀಟು ತಪ್ಪಿದರೆ ಆ ಸಂಬಂಧಕ್ಕೆ ಹೂಂ ಅನ್ನಬೇಕು ಎಂದು ಅಪ್ಪ ಹಿತ್ತಲಲ್ಲಿ ನಿಂತು ಹೇಳಿದ್ದ. ಹೂಂ ಅಂದಿದ್ದೆ ನಾನೂ, ಆ ಹೊತ್ತಿಗೆ ಅಲ್ಲಿಂದ ತಪ್ಪಿಸಿಕೊಂಡರೆ ಸಾಕಾಗಿತ್ತು.

ಈ ಸಲ ಸೀಟು ಒಂದಲ್ಲ, ಎರಡು ಸಿಕ್ಕವು. ಅಲ್ಲೇ ಗ್ರಹಚಾರ ಶುರುವಾಯಿತು. ಅನಂತಪುರದ ಕಾಲೇಜಿನಲ್ಲಿ ಫೀಜು ಗೌರ್ಮೆಂಟು ಕಟ್ಟುತ್ತದೆ, ಹಾಸ್ಟೆಲು, ಊಟದ ಖರ್ಚು ನಮ್ಮದು. ಬಳ್ಳಾರಿಯಲ್ಲಾದರೆ ನಾವು ಹೊರ ರಾಜ್ಯದವರು, ಫೀಜು ಪೂರ್ತಿ ನಮ್ಮದು. ಆದರೆ ಮಾವನ ಮನೆ ರಾಯದುರ್ಗದ ಹತ್ತಿರ, ಅಲ್ಲಿದ್ದುಕೊಂಡು ದಿನಾ ಬಸ್ಸಿನಲ್ಲಿ ಹೋಗಿಬಂದರೆ ಊಟ, ವಸತಿ ಪುಕ್ಕಟೆ. ಒಂದು ನೋಟ್‌ಬುಕ್ಕಿನ ಹಾಳೆಗೆ ನಡುವೆ ಗೆರೆ ಎಳೆದು ಎರಡೂ ಕಡೆ ಬರೆದೆ. ಬರೆದಾಗೆಲ್ಲ ಒಂದೊಂದು ಕಡೆ ಗೆಲ್ಲುತ್ತಿತ್ತು. ಕೊನೆಗೆ ಆ ಹಾಳೆಯನ್ನೇ ಹರಿದು ಒಲೆಗೆ ಹಾಕಿದೆ.

"ಫೀಜು ಗೌರ್ಮೆಂಟೇ ಕಟ್ತೈತೆ ಕಣಮ್ಮಿ, ಇನ್ನೇನ್ ಬೇಕು ನಿಂಗೆ? ಬಿಟ್ಟಿ ಬಂದಿದ್ದನ್ನ ಬ್ಯಾಡ ಅಂತಾರಾ ಯಾರಾದ್ರೂ?" ಇದು ಅಪ್ಪ. ಸೇಂಗಾ, ರಾಗಿ, ಹುಳು ಎಲ್ಲದರ ನಡುವೆ ಅವನಿಗೆ ಬಿಟ್ಟಿ ಬಂದಿದ್ದು ಮಳೆ ಒಂದೇ, ಅದೂ ಯಾವಾಗಲೋ ಒಮ್ಮೆ.

ಮಾವನ ಲೆಕ್ಕವೇ ಬೇರೆ. ಅವನು ಕೋರ್ಟಿನಲ್ಲಿ ಬಂಟ್ರೋತು, ಅಂದರೆ ಅಟೆಂಡರ್ ಆಗಿದ್ದು ರಿಟೈರ್ ಆದವನು. ಬಾಗಿಲಲ್ಲಿ ನಿಂತು ಕಕ್ಷಿದಾರರ ಹೆಸರು ಕೂಗಿ ಕೂಗಿ ಗಂಟಲು ದಪ್ಪವಾಗಿತ್ತು. ಫೋನಿನಲ್ಲೂ ಹಾಗೇ ಕೂಗುತ್ತಿದ್ದ. "ಯಾವ ಲಾಯರ ಕೋಟು ಹೊಸದೈತಿ, ಯಾರ್ದು ಮೊಣಕೈಗೆ ಹರದೈತಿ, ಎಲ್ಲಾ ನೋಡೀನಿ ನಾನು. ತೆಲುಗು ಸಂತಿ ಮಟ್ಟಕ್ಕ ಬಂದ್ರ ಸಾಲಂಗಿಲ್ಲವ್ವ. ಅರ್ಜಿ ಬರೀಬೇಕಲ್ಲ? ಬಳ್ಳಾರಿಗೆ ಸೇರು. ಕನ್ನಡದಾಗ ಬಾಯಿ ಬಿಟ್ರ ನಿನ್ನ ಹಿಡಿಯೋರು ಯಾರು?" ಎಂದ. ನಾನು ಅಪ್ಪನ ಮಾತು ಕೇಳಿ ಹೌದು ಅಂದುಕೊಂಡಿದ್ದೆ, ಮಾವನ ಮಾತು ಕೇಳಿ ಅದೂ ಹೌದು ಅನ್ನಿಸಿತು.

ಇವರಿಬ್ಬರನ್ನೂ ಬಿಟ್ಟು ತಿಳಿದವರನ್ನೇ ಕೇಳೋಣವೆಂದು ಮಡಕಶಿರದ ಒಬ್ಬ ಹಿರಿಯ ವಕೀಲರ ಆಫೀಸಿಗೆ ಹೋದೆ. ಎಲ್ಲಿ ಓದಿದರೆ ಕೆಲಸ ಬೇಗ ಸಿಗುತ್ತದೆ ಸಾರ್ ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಇಲ್ಲಿ ಕಕ್ಷಿದಾರ್ರು ಬಂದು ಕನ್ನಡದಲ್ಲಿ ಅಳ್ತಾರೆ. ನಾವು ಅದನ್ನ ತೆಲುಗಲ್ಲಿ ಬರೀತೀವಿ. ತೀರ್ಪು ಇಂಗ್ಲಿಷಲ್ಲಿ ಬರ್ತೈತೆ. ಇದ್ರಲ್ಲಿ ನಿಂಗೆ ಯಾವುದು ಚೆನ್ನಾಗಿ ಬರ್ತೈತೆ?"

"ಅಳೋದು ಸಾರ್" ಅಂದೆ.

ಅವರು ನಗಲಿಲ್ಲ. ಎಲ್ಲಿ ಓದಿದರೂ ಮೊದಲ ನಾಲ್ಕೈದು ವರ್ಷ ಸೀನಿಯರ್ ಕೊಡುವ ಟೀ ಮತ್ತು ಬಸ್ ಚಾರ್ಜೇ ಸಂಬಳ ಎಂದರು. ಹಾಗಾದರೆ ಅನಂತಪುರವೇ ಆಗಬಹುದಾ ಎಂದೆ. ಆಗಬಹುದು, ಆದರೆ ಮುಂದೆ ಜಡ್ಜ್ ಪರೀಕ್ಷೆ ಬರೆಯುವುದಾದರೆ ಇಲ್ಲಿ ತೆಲುಗು ಕೇಳುತ್ತಾರೆ, ಅಲ್ಲಿ ಕನ್ನಡ ಕೇಳುತ್ತಾರೆ, ಯೋಚನೆ ಮಾಡು ಎಂದರು. ಹಾಗಾದರೆ ಬಳ್ಳಾರಿಯಾ ಎಂದೆ. ಅಲ್ಲಿ ಹೋದರೆ ನಿನ್ನನ್ನು ಆಂಧ್ರದವಳು ಅಂತಾರೆ, ಅದನ್ನೂ ಯೋಚನೆ ಮಾಡು ಎಂದರು. ಥೂ, ಯೋಚನೆ ಮಾಡಿ ಮಾಡಿಯೇ ಅಲ್ಲವೇ ನಾನು ಇವರ ಹತ್ತಿರ ಬಂದದ್ದು! ಮೆಟ್ಟಿಲಿಳಿಯುವಾಗ ಅಳು ನಿಜವಾಗಿಯೂ ಬಂತು.

ಎರಡು ಕಡೆಯೂ ಸೇರಲು ಸೋಮವಾರವೇ ಕೊನೆಯ ದಿನ. ಶುಕ್ರವಾರ ಮಾವ ಫೋನ್ ಮಾಡಿ, "ನಾಳೆ ಎಲ್ಲಾರೂ ಬರ್ರಿ. ನಮ್ಮೂರ ಹನುಮಪ್ಪನ್ನ ಕೇಳಿಬಿಡಾಣ" ಎಂದ. ಅಪ್ಪನಿಗೂ ಅದು ಸರಿ ಅನ್ನಿಸಿತು. ಮಾವನ ಊರು ರಾಯದುರ್ಗದಿಂದ ನೇಮಕಲ್ಲಿಗೆ ಹೋಗುವ ದಾರಿಯಲ್ಲಿದೆ, ಅವ್ವನ ತವರು. ನೇಮಕಲ್ಲಿನ ಆಂಜನೇಯ ದೊಡ್ಡವನು, ಎಲ್ಲ ಕಡೆಯವರೂ ಬರುತ್ತಾರೆ. ಈ ಹನುಮಪ್ಪ ಚಿಕ್ಕವನು, ಅವನ ಗುಡಿ ಒಂದು ಕೋಣೆಯಷ್ಟು. ಆದರೆ ಅವ್ವನ ಕಡೆಯವರಿಗೆ ಮದುವೆ, ಬಾವಿ, ಆಪರೇಷನ್ನು ಏನೇ ಇದ್ದರೂ ಅವನನ್ನು ಕೇಳದೆ ಆಗುವುದಿಲ್ಲ. ಅವ್ವನನ್ನು ನಮ್ಮ ಅಪ್ಪನಿಗೆ ಕೊಟ್ಟದ್ದೂ ಅವನು ಹೂವು ಕೊಟ್ಟ ಮೇಲೆಯೇ.

ಶನಿವಾರ ಹೊರಟೆವು. ನಮ್ಮ ಊರಿನಿಂದ ಅಲ್ಲಿಗೆ ಹೋಗಬೇಕಾದರೆ ಆಂಧ್ರ ಬಿಟ್ಟು ಕರ್ನಾಟಕದ ಪಾವಗಡಕ್ಕೆ ಬಂದು ಮತ್ತೆ ಆಂಧ್ರಕ್ಕೆ ಹೋಗಬೇಕು. ಬಸ್ಸಿಗೆ ಅದೇನೂ ತೊಂದರೆಯಿಲ್ಲ, ತೊಂದರೆಯೆಲ್ಲ ನನಗೇ.

ಹೂವು ಕೇಳುವ ಕ್ರಮ ಹೀಗೆ. ಪೂಜಾರಿ ದೇವರ ಮೈಮೇಲೆ ಎಡಕ್ಕೂ ಬಲಕ್ಕೂ ಒದ್ದೆ ಹೂವು ಅಂಟಿಸುತ್ತಾನೆ. ಕೇಳುವವರು ಎದುರಿಗೆ ಕೂತು ಮನಸ್ಸಿನಲ್ಲೇ ಕೇಳಬೇಕು, ಬಾಯಿ ಬಿಡಬಾರದು. ಬಲಗಡೆಯ ಹೂವು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಇಲ್ಲ. ಯಾರು ಕೇಳೋರು ಎಂದು ಪೂಜಾರಿ ಕೇಳಿದ. "ನಾವ ಕೇಳೋರು" ಎಂದು ಮಾವ ಎಲ್ಲರ ಪರವಾಗಿ ಹೇಳಿದ. ನಾಲ್ವರೂ ಕೂತೆವು. ಅಪ್ಪ ಕಣ್ಣು ಮುಚ್ಚಿದ, ಮಾವ ತೆರೆದೇ ಕೂತಿದ್ದ, ಅವ್ವ ಸೆರಗು ಬಾಯಿಗೆ ಹಿಡಿದಿದ್ದಳು. ತುಂಬ ಹೊತ್ತು ಏನೂ ಆಗಲಿಲ್ಲ. ನನ್ನ ಕಾಲು ಜೋಮು ಹಿಡಿದಿತ್ತು. ಆಮೇಲೆ ಬಲಗಡೆಯ ಹೂವು ತಟ್ಟನೆ ಜಾರಿ ಕೆಳಗೆ ಬಿತ್ತು.

"ಹೇಳಿದ್ನಾ ಇಲ್ವಾ?" ಎಂದು ಅಪ್ಪನೂ ಮಾವನೂ ಒಟ್ಟಿಗೇ ಎದ್ದರು. ಎದ್ದು ಒಬ್ಬರ ಮುಖ ಒಬ್ಬರು ನೋಡಿದರು. ಅಪ್ಪ ಕೇಳಿದ್ದು, ಅನಂತಪುರಕ್ಕೆ ಸೇರಿಸಲಾ ಎಂದು. ಮಾವ ಕೇಳಿದ್ದು, ಬಳ್ಳಾರಿಗೆ ಸೇರಿಸಲಾ ಎಂದು. ಇಬ್ಬರಿಗೂ ಹೂವಾಗಿತ್ತು.

"ನನ್ನ ಮಗಳು, ನಾನು ಕೇಳಿದ್ದೇ ಲೆಕ್ಕ."

"ನಮ್ಮೂರ ದೇವ್ರು, ನಾ ಕೇಳಿದ್ದ ಲೆಕ್ಕ."

ಪೂಜಾರಿಗೆ ರೇಗಿತು. "ಒಬ್ರು ಕೇಳ್ಬೇಕ್ರಿ. ಮನಿಮಂದಿ ಎಲ್ಲಾ ಕುಂತು ಒಂದೊಂದು ಕೇಳಿದ್ರ ಆತ ಏನ್ ಮಾಡ್ಯಾನು?" ಇನ್ನೊಮ್ಮೆ ಕೇಳೋಣವೆಂದರೆ ಒಂದು ಕೆಲಸಕ್ಕೆ ಒಂದೇ ಸಲ ಕೇಳಬೇಕಂತೆ, ಮತ್ತೆ ಕೇಳಿದರೆ ದೇವರನ್ನು ಪರೀಕ್ಷೆ ಮಾಡಿದ ಹಾಗಾಗುತ್ತದಂತೆ. ಆಗ ಇಬ್ಬರೂ ನನ್ನ ಕಡೆ ತಿರುಗಿದರು. ನೀನೇನು ಕೇಳಿದೆ?

"ಯಾವುದು ಅಂತ ಕೇಳಿದೆ" ಎಂದೆ.

ಹೌದು, ಇಲ್ಲ ಎಂದಷ್ಟೇ ಹೇಳಬಲ್ಲ ದೇವರನ್ನು ನಾನು ಯಾವುದು ಎಂದು ಕೇಳಿದ್ದೆ. ಇವಳು ಲಾಯರಾಗುತ್ತಾಳಂತೆ ಎಂದು ಮಾವ ಹಣೆ ಬಡಿದುಕೊಂಡ. ಪೂಜಾರಿ ಬಿದ್ದ ಹೂವನ್ನು ಎಲೆಯಲ್ಲಿಟ್ಟು ಅವ್ವನ ಕಡೆ ಚಾಚಿದ. ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. ಅಪ್ಪನೇ ತೆಗೆದುಕೊಂಡ. ನೀನೇನು ಕೇಳಿದೆ ಎಂದು ಅವ್ವನನ್ನು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಭಾನುವಾರವಿಡೀ ಮನೆಯಲ್ಲಿ ಅದೇ ರಾದ್ಧಾಂತ. ಮಾವನ ಫೋನು ಒಂದು ಕಡೆ, ಅಪ್ಪನ ಗೊಣಗಾಟ ಒಂದು ಕಡೆ. ನಾನು ಊಟ ಬಿಟ್ಟು ಕೂತೆ. ಸಂಜೆಯ ಹೊತ್ತಿಗೆ ಅಪ್ಪನಿಗೂ ಸಾಕಾಗಿ, "ಇಷ್ಟು ಗೊಂದಲ ಇರೋ ಕೆಲ್ಸ ಯಾಕೆ ಮಾಡ್ಬೇಕು? ರತ್ನಗಿರಿಯವ್ರು ಇನ್ನೂ ಕಾಯ್ತಾ ಅವ್ರೆ" ಅಂದ. ಎರಡು ಸೀಟಿನ ನಡುವೆ ನಾನು ಒಂದೂ ಇಲ್ಲದೆ ಹೋಗುತ್ತಿದ್ದೆ, ಅದೂ ಎಲ್ಲರೂ ಓದು ಓದು ಅನ್ನುತ್ತಿರುವಾಗಲೇ.

ಸೋಮವಾರ ಬೆಳಿಗ್ಗೆ ಮಡಕಶಿರದ ನೆಟ್ ಸೆಂಟರಿಗೆ ಹೊರಟಾಗ ಅವ್ವ ನಾನೂ ಬರುತ್ತೇನೆ ಎಂದಳು. ಹುಳಕ್ಕೆ ಸೊಪ್ಪು ಹಾಕುವ ಕೆಲಸ ಅಪ್ಪನಿಗೆ ಹೊರಿಸಿ ಚಪ್ಪಲಿ ಮೆಟ್ಟಿದಳು. ಅವಳು ಅಪ್ಪನಿಗೆ ಹಾಗೆ ಕೆಲಸ ಹೊರಿಸಿದ್ದನ್ನು ನಾನು ಹುಟ್ಟಿದ ಮೇಲೆ ನೋಡಿರಲಿಲ್ಲ. ನೆಟ್ ಸೆಂಟರಿನ ಮುಂದೆ ಸಾಲು ಇತ್ತು, ನೆರಳಿಗೆ ನಿಂತೆವು. ನಾನಿನ್ನೂ ಅನಂತಪುರ, ಬಳ್ಳಾರಿ ಎಂದು ಬೆರಳು ಮಡಚುತ್ತಿದ್ದೆ.

"ಎಲ್ಲ್ಯಾರ ಸೇರ್ಕೊ" ಎಂದಳು ಅವ್ವ. "ಆದ್ರ ಈಗ್ಲೇ ಸೇರ್ಕೊ. ನಾಳಿಗಿಡಬ್ಯಾಡ."

"ಹೂವು ಎರಡಕ್ಕೂ ಆಯ್ತಲ್ಲವ್ವ, ಹೆಂಗೆ ಸೇರ್ಕೊಳ್ಲಿ?"

"ಎರಡಕ್ಕೂ ಆಗಿಲ್ಲ." ಅವಳು ರಸ್ತೆಯ ಕಡೆ ನೋಡುತ್ತ ಹೇಳಿದಳು. "ನಾ ಬ್ಯಾರೆ ಕೇಳಿದ್ದೆ. ನಿಮ್ಮ ಗಲಾಟಿ ಕೇಳಿ ಕೇಳಿ ಸಾಕಾಗಿತ್ತು. ಇಕಿ ಓದು ಬಿಡಿಸಿ ಮದುವಿ ಮಾಡೋದ ಚಲೋ ಅಂತಿದ್ರ ಬಲಕ್ಕ ಕೊಡಪ್ಪಾ ಅಂದಿದ್ದೆ. ಕೊಟ್ಟ."

ನನಗೆ ಸಿಟ್ಟು ಬಂತು, ಹಾಗೆ ಕೇಳಲು ನಿನಗೆ ಯಾರು ಹೇಳಿದರು ಎಂದು ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಅವಳೇ ಮುಂದುವರಿಸಿದಳು.

"ಕೊಟ್ಟ ಮ್ಯಾಲ ನಂಗ ಗೊತ್ತಾತು, ಆತ ಕೊಡಬಾರದಿತ್ತು ಅಂತ. ಅದಕ್ಕ ಹೇಳಲಿಲ್ಲ ಯಾರಿಗೂ. ನಿಮ್ಮಪ್ಪಗ ಗೊತ್ತಾದ್ರ ಮುಗೀತು."

ಹನುಮಪ್ಪ ಹೇಳಿದ ಮೇಲೆ ಅವ್ವ ಇಲ್ಲ ಅಂದದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ. ಬಾವಿ ಬೇಡ ಎಂದು ಅವನು ಹೇಳಿದ್ದಕ್ಕೆ ಅವಳ ತವರಿನವರು ಹತ್ತು ವರ್ಷ ಬಾವಿ ತೋಡಿಸಲಿಲ್ಲ. ಅಂಥವಳು ಎರಡು ದಿನ ಆ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ಸೊಪ್ಪು ಹೆಚ್ಚಿದ್ದಳು. ನನ್ನ ಸರದಿ ಬಂತು. ಕಂಪ್ಯೂಟರಿನವನು ಯಾವುದಕ್ಕೆ ಒತ್ತಲಿ ಎಂದ. ಅನಂತಪುರ ಅಂದೆ. ಯಾಕೆ ಅನಂತಪುರ ಎಂದು ಈಗ ಯಾರಾದರೂ ಅಡ್ಡ ಪ್ರಶ್ನೆ ಹಾಕಿದರೆ ನಾನು ಹೇಳುವುದು ಇಷ್ಟೇ. ಬಳ್ಳಾರಿಗೆ ದುಡ್ಡು ಹೊಂದಿಸಲು ಇನ್ನೂ ಅರ್ಧ ದಿನ ಬೇಕಾಗುತ್ತಿತ್ತು, ಅಷ್ಟು ಹೊತ್ತು ಅವ್ವನನ್ನು ಬಿಸಿಲಲ್ಲಿ ನಿಲ್ಲಿಸಲು ನನ್ನಿಂದ ಆಗಲಿಲ್ಲ.

ಈಗ ಕೊನೆಯ ವರ್ಷದಲ್ಲಿದ್ದೇನೆ. ತೆಲುಗಿನಲ್ಲಿ ಅರ್ಜಿ ಬರೆಯುತ್ತೇನೆ, ತಪ್ಪುಗಳಿರುತ್ತವೆ. ಬಳ್ಳಾರಿಗೆ ಹೋಗಿದ್ದರೆ ಚೆನ್ನಾಗಿತ್ತೇನೋ ಎಂದು ವಾರಕ್ಕೊಮ್ಮೆಯಾದರೂ ಅನ್ನಿಸುತ್ತದೆ. ಅಪ್ಪ ತನ್ನ ಹೂವೇ ನಿಜವಾಯಿತು ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಾನೆ.

ಹೋದ ಸಂಕ್ರಾಂತಿಗೆ ಮಾವನ ಊರಿಗೆ ಹೋಗಿದ್ದೆವು. ಎಲ್ಲರೂ ಗುಡಿಗೆ ಹೊರಟರು. ಅವ್ವ ಮೆಟ್ಟಿಲ ಹತ್ತಿರ ನಿಂತು, ಕಾಲು ನೋಯುತ್ತವೆ, ನೀವು ಹೋಗಿಬನ್ನಿ ಎಂದಳು. ಮೂರು ವರ್ಷದಿಂದ ಪ್ರತಿ ಸಲವೂ ಅವಳಿಗೆ ಅಲ್ಲಿಗೆ ಬಂದಾಗಲೇ ಕಾಲು ನೋಯುತ್ತವೆ. ತವರಿನ ದೇವರಿಗೆ ಕೈ ಮುಗಿಯಲೂ ಸೋಮಾರಿತನ ಎಂದು ಅಪ್ಪ ಬೈದುಕೊಂಡು ಒಳಗೆ ಹೋದ. ನಾನು ಹಿಂದೆ ಉಳಿದು, ಒಮ್ಮೆ ಬಾರವ್ವ, ಏನಾಗಲ್ಲ ಎಂದು ಅವಳ ಕೈ ಹಿಡಿದೆ.

"ನಿನ್ನ ಓದು ಮುಗೀಲಿ ತಡಿ" ಎಂದಳು. "ಆಮ್ಯಾಲ ಹೋಗಿ ಕಾಲು ಹಿಡ್ಕೊಂತೀನಿ. ಈಗ ಹೋದ್ರ ಆತ ಕೇಳ್ತಾನ. ನಾ ಏನ್ ಹೇಳ್ಲಿ?"